ಸುರಕ್ಷಿತ ಗರ್ಭಪಾತ: ನೂರರಲ್ಲಿ ಐದೂ ಲೆಕ್ಕಕ್ಕಿಲ್ಲ

ಭಾರತದಲ್ಲಿ 2015ರ ಒಂದೇ ವರ್ಷದಲ್ಲಿ ಅಂದಾಜು 1.56 ಕೋಟಿ ಗರ್ಭಪಾತಗಳು ನಡೆದವು. ಆ ಹೊತ್ತಿಗೆ ಸರ್ಕಾರದ ಲೆಕ್ಕಕ್ಕೆ ವರ್ಷಕ್ಕೆ ಸಿಗುತ್ತಿದ್ದದ್ದು ಸುಮಾರು 7 ಲಕ್ಷ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನೂರರಲ್ಲಿ ಐದು ಕೂಡ ದಾಖಲೆಗೆ ಬಂದಿಲ್ಲ. ಉಳಿದವು ಎಲ್ಲಿ ನಡೆದವು, ಯಾರು ಮಾಡಿದರು, ಆ ಹೆಂಗಸರು ಆಮೇಲೆ ಹೇಗಿದ್ದರು ಎಂಬುದು ಯಾವ ರಿಜಿಸ್ಟರಿನಲ್ಲೂ ಇಲ್ಲ.

1.56 ಕೋಟಿಯ ಅಂದಾಜು ಮಾಡಿದ ಅಧ್ಯಯನ 2018ರ ಜನವರಿಯ 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಸಂಚಿಕೆಯಲ್ಲಿ ಬಂತು. ಅಸ್ಸಾಂ, ಬಿಹಾರ, ಗುಜರಾತ್, ಮಧ್ಯಪ್ರದೇಶ, ತಮಿಳುನಾಡು, ಉತ್ತರ ಪ್ರದೇಶಗಳ ಆಸ್ಪತ್ರೆಗಳ ಸಮೀಕ್ಷೆಯನ್ನೂ ದೇಶದಲ್ಲಿ ಮಾರಾಟವಾದ ಗರ್ಭಪಾತದ ಮಾತ್ರೆಗಳ ಲೆಕ್ಕವನ್ನೂ ಸೇರಿಸಿ ಮಾಡಿದ ಅಂದಾಜು ಇದು. ದಿನಕ್ಕೆ ಹಂಚಿದರೆ ಹತ್ತಿರ ಹತ್ತಿರ 43,000. ಆ ವರ್ಷ ದೇಶದಲ್ಲಿ 4.81 ಕೋಟಿ ಬಸಿರುಗಳಾದವು ಎಂದು ಅದೇ ಅಧ್ಯಯನ ಹೇಳುತ್ತದೆ. ಅವುಗಳಲ್ಲಿ ಸರಿಸುಮಾರು ಅರ್ಧ ಬಯಸದೆ ಬಂದ ಬಸಿರು. ಮೂರರಲ್ಲೊಂದು ಗರ್ಭಪಾತದಲ್ಲಿ ಮುಗಿಯಿತು.

ಗರ್ಭಪಾತದ ಚರ್ಚೆ ನಮ್ಮಲ್ಲಿ ಎರಡು ದಿಕ್ಕಿನಿಂದ ನಡೆಯುತ್ತದೆ. ಕ್ಲಿನಿಕ್‌ಗಳ ಮೇಲೆ, ಮೆಡಿಕಲ್ ಶಾಪ್‌ಗಳ ಮೇಲೆ ಹಿಡಿತ ಬಿಗಿಯಾಗಬೇಕು, ಇಲ್ಲವಾದರೆ ಹೆಂಗಸರ ಜೀವಕ್ಕೆ ಅಪಾಯ ಎನ್ನುವವರು ಒಂದು ಕಡೆ. ಬಿಗಿ ಹೆಚ್ಚಿದಷ್ಟೂ ಹೆಂಗಸರು ನಕಲಿ ವೈದ್ಯರ ಬಾಗಿಲಿಗೆ ಹೋಗುತ್ತಾರೆ ಎನ್ನುವವರು ಇನ್ನೊಂದು ಕಡೆ. ಇಬ್ಬರ ಕಾಳಜಿಯೂ ನಿಜವಾದದ್ದೇ. ಲಭ್ಯವಿರುವ ಅಂಕಿಗಳನ್ನು ಕೂಡಿಸಿ ನೋಡಿದಾಗ ನನಗೆ ಸ್ಪಷ್ಟವಾದದ್ದು ಇಷ್ಟು: ನಿಯಂತ್ರಣ ಸಡಿಲ ಇರಬಾರದ ಕಡೆ ಸಡಿಲವಾಗಿದೆ, ದಾರಿ ಸುಗಮ ಇರಬೇಕಾದ ಕಡೆ ದುರ್ಗಮವಾಗಿದೆ. ಇದರ ಬೆಲೆ ತೆರುತ್ತಿರುವವರು ಹೆಂಗಸರು.

ಎಲ್ಲಿ, ಹೇಗೆ

2015ರ ಅಂದಾಜನ್ನು ಬಿಡಿಸಿದರೆ:

- ಮಾತ್ರೆಯಿಂದ ಆದದ್ದು: 1.27 ಕೋಟಿ (ಶೇ 81)
- ಶಸ್ತ್ರಕ್ರಿಯೆಯಿಂದ: 22 ಲಕ್ಷ (ಶೇ 14)
- ಇತರ, ಬಹುಪಾಲು ಅಪಾಯದ ವಿಧಾನಗಳಿಂದ: 8 ಲಕ್ಷ (ಶೇ 5)
- ಆಸ್ಪತ್ರೆ, ಕ್ಲಿನಿಕ್‌ಗಳ ಹೊರಗೆ ಮಾತ್ರೆ ನುಂಗಿ ಆದದ್ದು: 1.15 ಕೋಟಿ (ಶೇ 73)

ಮಾತ್ರೆ ತೆಗೆದುಕೊಂಡ ಹತ್ತು ಹೆಂಗಸರಲ್ಲಿ ಒಂಬತ್ತು ಜನ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ ಎಂದಾಯಿತು. ಗಂಡನನ್ನೋ ಅಣ್ಣನನ್ನೋ ಮೆಡಿಕಲ್ ಶಾಪ್‌ಗೆ ಕಳಿಸಿ ತರಿಸಿಕೊಂಡ ಗರ್ಭಪಾತದ ಮಾತ್ರೆಗಳ 'ಎಂಟಿಪಿ ಕಿಟ್' ಅವರ ಪಾಲಿನ ಆಸ್ಪತ್ರೆಯಾಯಿತು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮನೆಮನೆಗೆ ಹೋಗಿ ಹೆಂಗಸರನ್ನೇ ಕೇಳುತ್ತದೆ. ಅದರ ಐದನೆಯ ಸುತ್ತಿನಲ್ಲಿ (2019–21) ಗರ್ಭಪಾತಗಳ ಪೈಕಿ ಶೇ 53 ಖಾಸಗಿಯಲ್ಲಿ, ಶೇ 20 ಸರ್ಕಾರಿ ಆಸ್ಪತ್ರೆಗಳಲ್ಲಿ ಆಗಿದ್ದವು. ಶೇ 27ರಷ್ಟನ್ನು ಹೆಂಗಸರು ಮನೆಯಲ್ಲಿ ತಾವೇ ಮಾಡಿಕೊಂಡಿದ್ದರು. ಒಟ್ಟು ಶೇ 16ರಲ್ಲಿ ತೊಡಕು ಕಾಣಿಸಿಕೊಂಡಿತ್ತು. ಕೇಳಲು ಬಂದವರೆದುರು ಇಂಥ ವಿಷಯ ಬಾಯಿಬಿಡುವುದು ಸುಲಭವಲ್ಲ. ಹಾಗಾಗಿ ಮನೆಯಲ್ಲೇ ಆದವುಗಳ ನಿಜವಾದ ಪಾಲು 27ಕ್ಕಿಂತ ಹೆಚ್ಚೇ ಇರಬಹುದು.

ಶೇ 5 ಹೌದೋ, ಶೇ 67 ಹೌದೋ?

ಲ್ಯಾನ್ಸೆಟ್ ಅಧ್ಯಯನ ಶೇ 5ನ್ನು ಅಪಾಯದ ವಿಧಾನಗಳ ಪಾಲಿಗೆ ಹಾಕಿತು. ಆದರೆ 2019ರಲ್ಲಿ 'ಬಿಎಂಜೆ ಗ್ಲೋಬಲ್ ಹೆಲ್ತ್'ನಲ್ಲಿ ಬಂದ ಇನ್ನೊಂದು ಅಧ್ಯಯನ, ಒಂಬತ್ತು ರಾಜ್ಯಗಳಲ್ಲಿ 2007ರಿಂದ 2011ರವರೆಗೆ ನಡೆದ 89,447 ಗರ್ಭಪಾತಗಳನ್ನು ಪರಿಶೀಲಿಸಿ ಶೇ 67 ಅಸುರಕ್ಷಿತ ಎಂದಿತು. ಪರಿಶೀಲಿಸಿದ ಗರ್ಭಪಾತಗಳಿಗೆ ಸಂಬಂಧಿಸಿ 253 ಸಾವುಗಳಾಗಿದ್ದವು.

ಎರಡೂ ಅಂಕಿಗಳನ್ನು ಸಭೆಗಳಲ್ಲಿ, ಟಿ.ವಿ. ಚರ್ಚೆಗಳಲ್ಲಿ ತಮತಮಗೆ ಬೇಕಾದಂತೆ ಬಳಸುತ್ತಾರೆ. ರಾಜ್ಯಗಳು ಬೇರೆ, ವರ್ಷಗಳು ಬೇರೆ, ಎಲ್ಲಕ್ಕಿಂತ ಮುಖ್ಯವಾಗಿ ಅಳತೆ ಬೇರೆ. ಮೊದಲನೆಯದು ಯಾವ ವಿಧಾನ ಎಂದು ನೋಡಿತು; ಎರಡನೆಯದು ಎಲ್ಲಿ, ಯಾರ ಕೈಯಲ್ಲಿ ಎಂದು ನೋಡಿತು. ಮನೆಯಲ್ಲಿ ಮಾತ್ರೆ ನುಂಗಿದವಳು ಒಂದರಲ್ಲಿ ಅಪಾಯದ ಹೊರಗೆ, ಇನ್ನೊಂದರಲ್ಲಿ ಒಳಗೆ. ಕಡ್ಡಿಯಿಂದ, ಬೇರಿನಿಂದ, ನಾಟಿ ಕಷಾಯದಿಂದ ಜೀವ ಕಳೆದುಕೊಳ್ಳುತ್ತಿದ್ದ ಕಾಲಕ್ಕೆ ಹೋಲಿಸಿದರೆ ಮಾತ್ರೆ ದೊಡ್ಡ ರಕ್ಷಣೆ. ಆದರೆ ಆಕೆಗೆ ಪ್ರಮಾಣ ಹೇಳುವವರು, ರಕ್ತಸ್ರಾವ ನಿಲ್ಲದಿದ್ದರೆ ಎಲ್ಲಿಗೆ ಹೋಗಬೇಕೆಂದು ತಿಳಿಸುವವರು ಇಲ್ಲದಿದ್ದರೆ ಆ ರಕ್ಷಣೆ ಅರ್ಧಕ್ಕೇ ನಿಲ್ಲುತ್ತದೆ.

ಮಾತ್ರೆಯ ಲೆಕ್ಕ

ಭಾರತದಲ್ಲಿ ಗರ್ಭಪಾತದ ಮಾತ್ರೆ ಮಿಫೆಪ್ರಿಸ್ಟೋನ್‌ಗೆ ಅನುಮತಿ ಸಿಕ್ಕಿದ್ದು 2002ರಲ್ಲಿ. ಮಿಸೊಪ್ರೊಸ್ಟಾಲ್ ಮಾತ್ರೆಯ ಜೊತೆ ಸೇರಿದ ಕಿಟ್ ಬಂದದ್ದು 2008ರ ಕೊನೆಯಲ್ಲಿ. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿ 9 ವಾರ, ಅಂದರೆ 63 ದಿನದೊಳಗೆ ಇದನ್ನು ಬಳಸಬಹುದು. ಮುಟ್ಟು ತಪ್ಪಿದೆ ಎಂದು ಗೊತ್ತಾಗುವ ಹೊತ್ತಿಗೇ 4 ವಾರ ಕಳೆದಿರುತ್ತದೆ. ಪರೀಕ್ಷೆ ಮಾಡಿಸಿ, ಮನೆಯಲ್ಲಿ ಮಾತಾಡಿ, ಹಣ ಹೊಂದಿಸಿ ವೈದ್ಯರನ್ನು ಕಾಣಲು ಉಳಿಯುವುದು 5 ವಾರ.

ಸರಿಯಾಗಿ ತೆಗೆದುಕೊಂಡಾಗ ನೂರಕ್ಕೆ 95ರಿಂದ 98 ಜನರಲ್ಲಿ ಗರ್ಭಪಾತ ಪೂರ್ಣವಾಗುತ್ತದೆ. ಉಳಿದ ಎರಡರಿಂದ ಐದು ಜನಕ್ಕೆ ಮುಂದಿನ ಚಿಕಿತ್ಸೆ ಬೇಕು. ಆಸ್ಪತ್ರೆಯ ಹೊರಗೆ ಮಾತ್ರೆ ನುಂಗಿದ 1.15 ಕೋಟಿ ಹೆಂಗಸರಿಗೆ ಇದನ್ನೇ ಅನ್ವಯಿಸಿದರೆ ಕಡಿಮೆಯೆಂದರೂ 2.3 ಲಕ್ಷ ಜನರಿಗೆ ವೈದ್ಯರ ಅಗತ್ಯ ಬಿದ್ದಿರಬೇಕು. ನೂರು ಬಸಿರಿನಲ್ಲಿ ಒಂದೆರಡು ಗರ್ಭಕೋಶದ ಹೊರಗೆ, ನಾಳದಲ್ಲಿ ಕಟ್ಟಿರುತ್ತವೆ. ಅವುಗಳ ಮೇಲೆ ಈ ಮಾತ್ರೆ ಕೆಲಸ ಮಾಡುವುದಿಲ್ಲ. ನಾಳ ಒಡೆದರೆ ಪ್ರಾಣಕ್ಕೇ ಕುತ್ತು. ವೈದ್ಯರ ಚೀಟಿ ಬೇಕು ಎನ್ನುವ ನಿಯಮಕ್ಕೆ ಇದು ಗಟ್ಟಿ ಕಾರಣ. ಆದರೆ ಚೀಟಿ ಬರೆಯುವ ವೈದ್ಯರು ಕೈಗೆಟುಕುವಷ್ಟು ಹತ್ತಿರ ಇದ್ದಾಗ ಮಾತ್ರ ಆ ನಿಯಮ ಕಾಪಾಡುತ್ತದೆ.

ವೈದ್ಯರು ಎಷ್ಟು ಹತ್ತಿರ?

ವೈದ್ಯಕೀಯ ಗರ್ಭಪಾತ ಕಾಯ್ದೆ 1971ರದು. ಜಾರಿಗೆ ಬಂದದ್ದು 1972ರ ಏಪ್ರಿಲ್ 1ರಂದು. 2021ರ ಸೆಪ್ಟೆಂಬರ್‌ನಲ್ಲಿ ಜಾರಿಯಾದ ತಿದ್ದುಪಡಿಯ ಪ್ರಕಾರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಅತ್ಯಾಚಾರಕ್ಕೊಳಗಾದವರು, 18 ತುಂಬದವರು, ಬಸಿರಿದ್ದಾಗಲೇ ವಿಧವೆಯಾದವರು ಮುಂತಾದವರಿಗೆ ಇಬ್ಬರು ವೈದ್ಯರ ಒಪ್ಪಿಗೆಯ ಮೇಲೆ 24 ವಾರದವರೆಗೆ ಅವಕಾಶವಿದೆ. ಭ್ರೂಣದಲ್ಲಿ ಗಂಭೀರ ದೋಷವಿದ್ದರೆ ವೈದ್ಯಕೀಯ ಮಂಡಳಿಯ ಒಪ್ಪಿಗೆಯೊಂದಿಗೆ ಅದರಾಚೆಗೂ. ವಯಸ್ಕಳಾದ ಹೆಂಗಸಿಗೆ ಗಂಡನ ಸಹಿ ಬೇಕೆಂದು ಈ ಕಾಯ್ದೆ ಎಲ್ಲಿಯೂ ಹೇಳುವುದಿಲ್ಲ. ಆಕೆಯ ಹೆಸರನ್ನು ಹೊರಗೆ ಬಿಟ್ಟ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ, ಮದುವೆಯಾಗದವರಿಗೂ 24 ವಾರದ ಅವಕಾಶ ಸಲ್ಲುತ್ತದೆ ಎಂದಿತು.

ಕಾಗದದಲ್ಲಿ ಇದು ಉದಾರ ಕಾನೂನು. ಆದರೆ ಯಾರು ಮಾಡಬೇಕು? ತರಬೇತಾದ ನೋಂದಾಯಿತ ವೈದ್ಯರು ಮಾತ್ರ. ನರ್ಸ್‌ಗಳಿಗೂ ಆಯುಷ್ ವೈದ್ಯರಿಗೂ ತರಬೇತಿ ಕೊಟ್ಟು ಅವಕಾಶ ಕೊಡುವ ಪ್ರಸ್ತಾವ 2014ರ ಕರಡಿನಲ್ಲಿತ್ತು; 2021ರ ತಿದ್ದುಪಡಿಯಲ್ಲಿ ಅದು ಉಳಿಯಲಿಲ್ಲ. ಇತ್ತ 2022ರ ಮಾರ್ಚ್ ಅಂತ್ಯದ ಸರ್ಕಾರಿ ಅಂಕಿಯಂತೆ ದೇಶದ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಬೇಕಾದ ಹೆರಿಗೆ ತಜ್ಞರ ಪೈಕಿ ಶೇ 74ರಷ್ಟು ಕೊರತೆ. ನಾಲ್ಕು ಜನ ಇರಬೇಕಾದ ಕಡೆ ಒಬ್ಬರು.

ಖಾಸಗಿ ಕ್ಲಿನಿಕ್ ಆದರೆ ಜಿಲ್ಲಾ ಸಮಿತಿಯ ಅನುಮತಿ ಬೇಕು. ಅರ್ಜಿ ಹಾಕಿದ 2 ತಿಂಗಳೊಳಗೆ ತಪಾಸಣೆ, ಆಮೇಲೆ 2 ತಿಂಗಳೊಳಗೆ ಪ್ರಮಾಣಪತ್ರ: ಎಲ್ಲವೂ ನಿಯಮದಂತೆ ನಡೆದರೂ 4 ತಿಂಗಳು. ಪರೀಕ್ಷಾ ಮೇಜು, ಕ್ರಿಮಿಶುದ್ಧಿಯ ಉಪಕರಣ, ಔಷಧಿ, ಡ್ರಿಪ್, ತುರ್ತಿನಲ್ಲಿ ದೊಡ್ಡಾಸ್ಪತ್ರೆಗೆ ಸಾಗಿಸುವ ವ್ಯವಸ್ಥೆ, ಇಷ್ಟನ್ನೂ ನಿಯಮ ಕೇಳುತ್ತದೆ. ಕೇಳಲೇಬೇಕು; ಅವುಗಳಿಲ್ಲದ ಕೋಣೆಯಲ್ಲಿ ಗರ್ಭಪಾತ ನಡೆಯಕೂಡದು. ಅರ್ಹತೆ ಇಲ್ಲದವರು ಮಾಡಿದರೆ 2ರಿಂದ 7 ವರ್ಷ ಕಠಿಣ ಶಿಕ್ಷೆಯಿದೆ. ನನ್ನ ತಕರಾರು ಇರುವುದು ವಿಳಂಬದ ಬಗ್ಗೆ, ಮತ್ತು ಯಾವ ಊರಿನ ಯಾವ ಆಸ್ಪತ್ರೆಗೆ ಅನುಮತಿಯಿದೆ ಎಂಬುದು ಹೆಂಗಸರಿಗೆ ತಿಳಿಯದಂತೆ ಇರುವ ಬಗ್ಗೆ.

ಆಲೆಮನೆಯಲ್ಲಿ ಸ್ಕ್ಯಾನಿಂಗ್

ನಿಯಂತ್ರಣ ಎಲ್ಲಿ ಸೋತಿತು ಎಂಬುದನ್ನು 2023ರ ನವೆಂಬರ್‌ನಲ್ಲಿ ಕರ್ನಾಟಕ ಕಂಡಿತು. ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಬಯಲಿಗೆಳೆದ ಜಾಲದಲ್ಲಿ ಭ್ರೂಣದ ಲಿಂಗ ಪತ್ತೆ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ, ಗರ್ಭಪಾತ ಮೈಸೂರಿನಲ್ಲಿ ನಡೆಯುತ್ತಿತ್ತು. ಮೂರು ವರ್ಷದಲ್ಲಿ ಸುಮಾರು 900, ಒಂದಕ್ಕೆ ಸುಮಾರು ₹30,000 ಎಂದು ಪೊಲೀಸರು ಹೇಳಿದರು. ಆ ವರ್ಷ ರಾಜ್ಯದಲ್ಲಿ ನರೇಗಾ ದಿನಗೂಲಿ ₹316. ಒಂದು ಕುಟುಂಬದ 95 ದಿನದ ದುಡಿಮೆ ಒಂದು ಹೆಣ್ಣು ಭ್ರೂಣವನ್ನು ತೆಗೆಸಲು ಹೋಯಿತು. ಒಟ್ಟು ವಹಿವಾಟು ₹2.7 ಕೋಟಿಯ ಲೆಕ್ಕ.

ಈ ಪ್ರಕರಣದ ನಂತರ ಮಾತ್ರೆಗಳ ಮೇಲೆ ಕಣ್ಣು ಹೋಯಿತು. ಆದರೆ ವಾರಗಳನ್ನು ಎಣಿಸಿ ನೋಡಿ. ಮಾತ್ರೆಯ ಗಡುವು 9 ವಾರ. ರಕ್ತಪರೀಕ್ಷೆಯಲ್ಲಿ ಲಿಂಗ ತಿಳಿಯುವುದು 10 ವಾರದ ಸುಮಾರಿಗೆ, ಸ್ಕ್ಯಾನಿಂಗ್‌ನಲ್ಲಿ ಇನ್ನೂ ಮೂರ್ನಾಲ್ಕು ವಾರ ತಡವಾಗಿ. 9 ವಾರದೊಳಗೆ ಮಾತ್ರೆ ಕೇಳಿ ಬರುವವಳಿಗೆ ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಹೆಣ್ಣು ಭ್ರೂಣ ಹತ್ಯೆ ತಡೆಯಬೇಕಾದ ಜಾಗ ಸ್ಕ್ಯಾನಿಂಗ್ ಯಂತ್ರ. 1994ರ ಲಿಂಗ ಪತ್ತೆ ನಿಷೇಧ ಕಾಯ್ದೆಯಡಿ ಪ್ರತಿ ಯಂತ್ರಕ್ಕೂ ನೋಂದಣಿ, ಪ್ರತಿ ಗರ್ಭಿಣಿಯ ಸ್ಕ್ಯಾನಿಂಗ್‌ಗೂ 'ಫಾರಂ ಎಫ್' ದಾಖಲೆ, ಮುಂದಿನ ತಿಂಗಳ 5ರೊಳಗೆ ವರದಿ ಕಡ್ಡಾಯ. ಅದನ್ನು ನಿಷ್ಠೆಯಿಂದ ಪರಿಶೀಲಿಸಿದರೆ ಆಲೆಮನೆಗೆ ಯಂತ್ರ ಹೋಗುವ ದಾರಿ ಕಿರಿದಾಗುತ್ತದೆ. ರಾಜ್ಯದಲ್ಲಿ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳ ಸಂಖ್ಯೆ (0–6 ವರ್ಷ) 1991ರಲ್ಲಿ 960, 2001ರಲ್ಲಿ 946, 2011ರಲ್ಲಿ 948. ಇಳಿದದ್ದು 2011ರ ಹೊತ್ತಿಗೂ 1991ರ ಮಟ್ಟಕ್ಕೆ ಮತ್ತೆ ಏರಿರಲಿಲ್ಲ. ಈ ಕಾಯ್ದೆ ಸಡಿಲವಾಗಬಾರದು.

ತಡವಾದಷ್ಟೂ ದುಬಾರಿ

ಸರ್ಕಾರಿ ಆಸ್ಪತ್ರೆಯಲ್ಲಿ ಈ ಸೇವೆ ಉಚಿತ. ಖಾಸಗಿಯಲ್ಲಿ ಎಷ್ಟು? 2004ರ ಒಂದು ರಾಷ್ಟ್ರೀಯ ಅಧ್ಯಯನದಲ್ಲಿ ಮೂರು ತಿಂಗಳೊಳಗಿನ ಗರ್ಭಪಾತಕ್ಕೆ ₹500ರಿಂದ ₹1,000, ಮೂರು ತಿಂಗಳು ದಾಟಿದ್ದಕ್ಕೆ ₹2,000ದಿಂದ ₹3,000 ಆಗುತ್ತಿತ್ತು. ದರಗಳು ಹಳೆಯವು, ಅನುಪಾತ ಪಾಠ ಹೇಳುತ್ತದೆ: ಕೆಲವು ವಾರ ತಡವಾದರೆ ಖರ್ಚು ಮೂರು, ನಾಲ್ಕು ಪಟ್ಟು. ಜೀವದ ಅಪಾಯವೂ ವಾರದಿಂದ ವಾರಕ್ಕೆ ಏರುತ್ತದೆ. 2020ರ ಲಾಕ್‌ಡೌನಿನ ಮೊದಲ ಮೂರು ತಿಂಗಳಲ್ಲಿ 18.5 ಲಕ್ಷ ಹೆಂಗಸರಿಗೆ ಸಮಯಕ್ಕೆ ಸೇವೆ ಸಿಗುವುದು ಕಷ್ಟವಾಯಿತು ಎಂದು ಐಪಾಸ್ ಸಂಸ್ಥೆ ಅಂದಾಜಿಸಿತು.

ಇನ್ನೂ ತಡವಾದವರು ಕೋರ್ಟಿಗೆ ಹೋಗುತ್ತಾರೆ. 2019ರ ಮೇಯಿಂದ 2020ರ ಆಗಸ್ಟ್‌ವರೆಗೆ ಹೈಕೋರ್ಟುಗಳಿಗೆ ಬಂದ 243 ಅರ್ಜಿಗಳನ್ನು 'ಪ್ರತಿಜ್ಞಾ' ಆಂದೋಲನ ಪರಿಶೀಲಿಸಿತು. ಶೇ 23 ಅರ್ಜಿಗಳಲ್ಲಿ ಬಸಿರು ಇನ್ನೂ 20 ವಾರದೊಳಗೇ ಇತ್ತು. ಕಾನೂನು ಆಸ್ಪತ್ರೆಯಲ್ಲೇ ಕೊಡಬೇಕಿದ್ದದ್ದನ್ನು ಕೇಳಲು ಅವರು ವಕೀಲರನ್ನು ಹುಡುಕಬೇಕಾಯಿತು.

ಹೊರಗಿನ ಅನುಭವ

ರೊಮೇನಿಯಾ 1966ರಲ್ಲಿ ಗರ್ಭಪಾತವನ್ನು ಬಹುತೇಕ ನಿಷೇಧಿಸಿ, 1989ರ ಕೊನೆಯಲ್ಲಿ ನಿಷೇಧ ತೆಗೆಯಿತು. ಲಕ್ಷ ಹೆರಿಗೆಗೆ ತಾಯಂದಿರ ಸಾವು ಒಂದೇ ವರ್ಷದಲ್ಲಿ ಸುಮಾರು 170ರಿಂದ 83ಕ್ಕೆ ಇಳಿಯಿತು. ಅಮೆರಿಕದ ಟೆಕ್ಸಾಸ್ 2013ರಲ್ಲಿ ಸುರಕ್ಷತೆಯ ಹೆಸರಿನಲ್ಲಿ ಕ್ಲಿನಿಕ್‌ಗಳಿಗೆ ದೊಡ್ಡಾಸ್ಪತ್ರೆಯ ಮಟ್ಟದ ಷರತ್ತು ಹಾಕಿತು. 40ಕ್ಕಿಂತ ಹೆಚ್ಚಿದ್ದ ಕ್ಲಿನಿಕ್‌ಗಳು ಅರ್ಧಕ್ಕಿಳಿದವು. 2016ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ರೋಗಿಗಳಿಗೆ ಇದರಿಂದ ಹೆಚ್ಚಿನ ಸುರಕ್ಷತೆ ಸಿಕ್ಕಿಲ್ಲವೆಂದು ಆ ಷರತ್ತುಗಳನ್ನು ರದ್ದು ಮಾಡಿತು.

ಐರ್ಲೆಂಡಿನ ಕಥೆ ನಮ್ಮ ಮನೆಯದೂ ಹೌದು. ಬೆಳಗಾವಿಯ ಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ 31ನೇ ವಯಸ್ಸಿನಲ್ಲಿ, 17 ವಾರದ ಬಸಿರು ಕೈತಪ್ಪುತ್ತಿದ್ದಾಗ ಗರ್ಭಪಾತ ಕೇಳಿದರೂ ಸಿಗದೆ, ನಂಜೇರಿ 2012ರ ಅಕ್ಟೋಬರ್ 28ರಂದು ಗಾಲ್ವೇಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಲ್ಲಿನ ಆರೋಗ್ಯ ಗುಣಮಟ್ಟ ಪ್ರಾಧಿಕಾರ ಅವರನ್ನು ಉಳಿಸಬಹುದಾಗಿದ್ದ 13 ಅವಕಾಶಗಳು ತಪ್ಪಿಹೋದದ್ದನ್ನು ಪಟ್ಟಿ ಮಾಡಿತು. 2018ರ ಮೇ 25ರ ಜನಮತದಲ್ಲಿ ಶೇ 66.4 ಜನ ಗರ್ಭಪಾತದ ನಿಷೇಧವನ್ನು ತೆಗೆಯುವ ಬದಲಾವಣೆಗೆ ಮತ ಹಾಕಿದರು.

ಕರ್ನಾಟಕ ಮಾಡಬಹುದಾದದ್ದು

2018–20ರಲ್ಲಿ ಲಕ್ಷ ಹೆರಿಗೆಗೆ ತಾಯಂದಿರ ಸಾವು ಕರ್ನಾಟಕದಲ್ಲಿ 69, ಕೇರಳದಲ್ಲಿ 19, ತಮಿಳುನಾಡಿನಲ್ಲಿ 54. ದಕ್ಷಿಣದಲ್ಲಿ ನಮ್ಮದೇ ಹೆಚ್ಚು. 2001–03ರ ರಾಷ್ಟ್ರೀಯ ಸಮೀಕ್ಷೆ ತಾಯಂದಿರ ಸಾವಿನಲ್ಲಿ ಶೇ 8ಕ್ಕೆ ಗರ್ಭಪಾತವೇ ಕಾರಣ ಎಂದಿತ್ತು. ಸುರಕ್ಷಿತವಾಗಿ ಮಾಡಿದರೆ ತಪ್ಪಿಸಬಹುದಾದ ಸಾವುಗಳಿವು.

ಮಾತ್ರೆಯಿಂದ ಗರ್ಭಪಾತ ಮಾಡಿಸಲು ಎಂಬಿಬಿಎಸ್ ವೈದ್ಯರಿಗೆ ಬೇಕಾದ ಅನುಭವ, ತಜ್ಞರ ಉಸ್ತುವಾರಿಯಲ್ಲಿ 10 ಪ್ರಕರಣ. 12 ವಾರದವರೆಗಿನದಕ್ಕೆ 25 ಪ್ರಕರಣಗಳಲ್ಲಿ ನೆರವು, ಅವುಗಳಲ್ಲಿ 5 ಸ್ವತಂತ್ರವಾಗಿ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಕನಿಷ್ಠ ಇಬ್ಬರನ್ನು ಹೀಗೆ ತಯಾರು ಮಾಡುವುದು ನಮ್ಮ ವೈದ್ಯಕೀಯ ಕಾಲೇಜುಗಳಿಗೆ ಕಷ್ಟವಲ್ಲ. ಅನುಮತಿ ಪಡೆದ ಆಸ್ಪತ್ರೆಗಳ ಪಟ್ಟಿಯನ್ನು ಜಿಲ್ಲಾವಾರು ಪ್ರಕಟಿಸಿ ಆಶಾ ಕಾರ್ಯಕರ್ತೆಯರ ಕೈಗೆ ಕೊಡಬೇಕು. ಕ್ಲಿನಿಕ್‌ಗಳ ಅರ್ಜಿಯನ್ನು 4 ತಿಂಗಳ ಗಡುವಿನೊಳಗೆ ಇತ್ಯರ್ಥ ಮಾಡಬೇಕು. ಸ್ಕ್ಯಾನಿಂಗ್ ಯಂತ್ರಗಳ ತಪಾಸಣೆ ದೂರು ಬಂದಾಗ ಮಾತ್ರ ಅಲ್ಲ, ವರ್ಷವಿಡೀ ನಡೆಯಬೇಕು. ಗರ್ಭಪಾತ ಎಷ್ಟಾಯಿತು, ಎಷ್ಟರಲ್ಲಿ ತೊಡಕಾಯಿತು ಎಂಬ ಅಂಕಿಯನ್ನು ಹೆಸರು ಮುಚ್ಚಿಟ್ಟು ಪ್ರತಿವರ್ಷ ಪ್ರಕಟಿಸಬೇಕು.

ಯಾವ ನಿಯಮ ಹೆಂಗಸರನ್ನು ಕಾಪಾಡುತ್ತದೆ ಎಂದು ಅಳೆಯಲು ಎರಡು ಅಂಕಿಗಳು ಸಾಕು: ಮನೆಯಲ್ಲಿ ತಾವೇ ಮಾಡಿಕೊಳ್ಳುವ ಶೇ 27, ತೊಡಕಿಗೆ ಸಿಕ್ಕುವ ಶೇ 16. ಯಾವುದೇ ಆದೇಶ ಹೊರಡಿಸುವ ಮುನ್ನ ಇವೆರಡೂ ಇಳಿಯುತ್ತವೆಯೇ ಎಂದು ಆರೋಗ್ಯ ಇಲಾಖೆ ಕೇಳಿಕೊಳ್ಳಲಿ. ಇಳಿಸುವ ನಿಯಮ ಎಷ್ಟೇ ಬಿಗಿಯಾಗಿದ್ದರೂ ಇರಲಿ. ಏರಿಸುವ ನಿಯಮವನ್ನು, ಅದರ ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ, ಕೈಬಿಡಲಿ.