ಹೆಂಗಸರ ಓಟಿಗಾಗಿ ವಾದಿಸಿದ ವಕೀಲ

ಸಹೋದರಿಯರೇ, ಚುನಾವಣೆಯ ದಿನ ಅಡುಗೆ ಬೇಗ ಮುಗಿಸಿ ಮತಗಟ್ಟೆಯ ಸಾಲಿನಲ್ಲಿ ನೀವು ನಿಲ್ಲುತ್ತೀರಿ. ಈ ಹಕ್ಕು ನಿಮಗೆ ಬೇಕೇ ಎಂದು ಯಾರೂ ನಿಮ್ಮನ್ನು ಕೇಳಿರಲಿಕ್ಕಿಲ್ಲ. ಫಿಲಿಪ್ಪೀನ್ಸ್‌ನಲ್ಲಿ ಮಹಿಳೆಯರನ್ನು ಹಾಗೆ ಕೇಳಲಾಯಿತು. ಅದಕ್ಕೂ ಹದಿನೆಂಟು ವರ್ಷ ಮೊದಲೇ ಅವರ ಪರವಾಗಿ ಎದ್ದು ನಿಂತವರು ರಫಾಯೆಲ್ ಪಾಲ್ಮ ಎಂಬ ವಕೀಲರು.

ಪಾಲ್ಮ ಹುಟ್ಟಿದ್ದು 1874ರಲ್ಲಿ, ಮನಿಲಾದ ತೊಂದೊ ಎಂಬಲ್ಲಿ. ಓದಿದ್ದು ಕಾನೂನು. ಆದರೂ ಅವರನ್ನು ಮೊದಲು ಸೆಳೆದದ್ದು ಪತ್ರಿಕೆ. ಸ್ಪೇನಿನ ಆಳ್ವಿಕೆ ಮುಗಿದು ಅಮೆರಿಕ ಕಾಲಿಡುತ್ತಿದ್ದ 1898ರಲ್ಲಿ ಜನರಲ್ ಆಂಟೋನಿಯೊ ಲೂನಾ 'ಲಾ ಇಂಡಿಪೆಂಡೆನ್ಸಿಯಾ' ಆರಂಭಿಸಿದಾಗ ಅವರು ಅದರಲ್ಲಿ ದುಡಿದರು. ತಮ್ಮ ಹೋಸೆ ಪಾಲ್ಮ ಮರುವರ್ಷ ಬರೆದ ಕವಿತೆಯೇ ಆ ದೇಶದ ರಾಷ್ಟ್ರಗೀತೆಗೆ ಮೂಲವಾಯಿತು. ರಫಾಯೆಲ್ 1907ರಲ್ಲಿ ಶಾಸನಸಭೆಗೆ ಆಯ್ಕೆಯಾದರು, 1916ರಲ್ಲಿ ಸೆನೆಟರ್ ಆದರು.

1919ರ ನವೆಂಬರ್‌ನಲ್ಲಿ ಮಹಿಳೆಯರ ಮತಾಧಿಕಾರದ ಮಸೂದೆಯ ಪರವಾಗಿ ಅವರು ಸೆನೆಟ್‌ನಲ್ಲಿ ಮಾತನಾಡಿದರು. ವಿರೋಧಿಗಳ ವಾದ ನಿಮಗೆ ಹೊಸದೇನಲ್ಲ. ಹೆಣ್ಣು ರಾಜಕೀಯಕ್ಕೆ ಬಂದರೆ ಮನೆ ಹಾಳಾಗುತ್ತದೆ, ಗಂಡ ಹೆಂಡಿರಲ್ಲಿ ಜಗಳ ಹುಟ್ಟುತ್ತದೆ, ಅಷ್ಟಕ್ಕೂ ಹೆಂಗಸರಿಗೇ ಇದು ಬೇಕಾಗಿಲ್ಲ! ಮಗಳನ್ನು ಕಾಲೇಜಿಗೆ ಕಳಿಸುವ ಮಾತೆತ್ತಿದಾಗಲೂ ಕೆಲವು ಪೋಷಕರು ಇದನ್ನೇ ಹೇಳುವುದನ್ನು ಅಧ್ಯಾಪಕನಾಗಿ ನಾನು ಕೇಳಿದ್ದೇನೆ. ಪಾಲ್ಮ ಈ ಭಯಕ್ಕೆ ಆಧಾರವಿಲ್ಲವೆಂದು ವಾದಿಸಿದರು. ಆದರೆ ಆಗ ಕಾನೂನು ಬರಲಿಲ್ಲ.

1923ರಲ್ಲಿ ಅವರು ಫಿಲಿಪ್ಪೀನ್ಸ್ ವಿಶ್ವವಿದ್ಯಾನಿಲಯದ ಅಧ್ಯಕ್ಷರಾದರು. ಹತ್ತು ವರ್ಷದ ಬಳಿಕ, ಸ್ವಾತಂತ್ರ್ಯದ ಕುರಿತ ಅಮೆರಿಕದ ಕಾನೂನೊಂದನ್ನು ಬೆಂಬಲಿಸಿದ್ದು ಪ್ರಬಲ ನಾಯಕ ಮಾನುವೆಲ್ ಕೆಸೋನ್‌ಗೆ ಹಿಡಿಸಲಿಲ್ಲ. ವಿಶ್ವವಿದ್ಯಾನಿಲಯದ ಅನುದಾನಕ್ಕೆ ಕತ್ತರಿ ಬಿತ್ತು. ಪಾಲ್ಮ ಅದೇ 1933ರಲ್ಲಿ ಹುದ್ದೆ ಬಿಟ್ಟರು.

ಆ ವರ್ಷದ ಡಿಸೆಂಬರ್‌ನಲ್ಲಿ ಮಹಿಳೆಯರಿಗೆ ಮತಾಧಿಕಾರ ಕೊಡುವ ಕಾನೂನಿಗೆ ಸಹಿ ಬಿತ್ತು. ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. 1935ರ ಸಂವಿಧಾನ ಮತಾಧಿಕಾರವನ್ನು ಗಂಡಸರಿಗಷ್ಟೇ ಕೊಟ್ಟು, ಮಹಿಳೆಯರಿಗೆ ಒಂದು ಷರತ್ತು ಹಾಕಿತು: ಎರಡು ವರ್ಷದೊಳಗೆ ನಡೆಯುವ ವಿಶೇಷ ಮತದಾನದಲ್ಲಿ ಕನಿಷ್ಠ 3,00,000 ಮಹಿಳೆಯರು 'ಬೇಕು' ಎನ್ನಬೇಕು. ಗಂಡಸರನ್ನು ಯಾರೂ ಹೀಗೆ ಕೇಳಿರಲಿಲ್ಲ, ಗಮನಿಸಿ.

ಹೋಸೆಫಾ ಯಾನೆಸ್ ಎಸ್ಕೋಡಾರಂಥ ನಾಯಕಿಯರ ಮಹಿಳಾ ಸಂಘಗಳು ಊರೂರಿನಲ್ಲಿ ಪ್ರಚಾರಕ್ಕಿಳಿದವು. 1937ರ ಏಪ್ರಿಲ್ 30ರಂದು ಮತದಾನ ನಡೆಯಿತು. 'ಬೇಕು' ಎಂದವರು 4,47,725. 'ಬೇಡ' ಎಂದವರು 44,307. ಹೆಂಗಸರಿಗೇ ಇದು ಬೇಕಾಗಿಲ್ಲ ಎಂದವರಿಗೆ ಹೆಂಗಸರೇ ಉತ್ತರ ಕೊಟ್ಟಿದ್ದರು.

ಪಾಲ್ಮ ಇದನ್ನು ಕಣ್ಣಾರೆ ಕಂಡರು. 1939ರ ಮೇ ತಿಂಗಳಲ್ಲಿ ತೀರಿಕೊಂಡರು. 1941ರಲ್ಲಿ ಎಲಿಸಾ ಓಚೋವಾ ಎಂಬ ಮಹಿಳೆ ಮೊದಲ ಬಾರಿಗೆ ಆ ದೇಶದ ಶಾಸನಸಭೆಗೆ ಆಯ್ಕೆಯಾದರು.