ಪ್ರೀತಿಯ ಹೆಸರಿನ ಸೆರೆವಾಸ

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?” ಎಂಬ ಗಾದೆ ನಮ್ಮಲ್ಲಿ ಮನೆಮಾತು. ಭೀಮೇಶ್ವರ ದೇವಾಲಯವಿರುವ ಹರಪನಹಳ್ಳಿ ಸೀಮೆಯ ನೀಲಗುಂದವಾಗಲಿ, ಬೆಂಗಳೂರಿನ ಬಡಾವಣೆಯಾಗಲಿ, ಮಗನು ಗಾಂಜಾ ಸೇದುತ್ತಾನೆಂಬ ಸುದ್ದಿ ಕಿವಿಗೆ ಬಿದ್ದ ಹೆತ್ತವರು ಮೊದಲು ಅರಸುವುದು ಕಟ್ಟುನಿಟ್ಟಿನ ಒಂದು ಸ್ಥಳವನ್ನು. “ಹೊಡೆಯಲಿ, ಬಡಿಯಲಿ, ಹುಡುಗ ನೆಟ್ಟಗಾದರೆ ಸಾಕು” ಎಂಬ ಮಾತು ಹೊರಡುವುದು ಕರುಳಿನ ಸಂಕಟದಿಂದಲೇ. ಆದರೆ ಹಾಗೆ ಒಪ್ಪಿಸಿದ ಮಕ್ಕಳ ಗತಿ ಏನಾದೀತು? ಅರ್ಧ ಶತಮಾನದ ಹಿಂದೆ ಅಮೆರಿಕದ ಸಾವಿರಾರು ತಂದೆತಾಯಿಗಳು ಇದೇ ಹಾದಿಯನ್ನು ಹಿಡಿದರು. ಅಂದಿನ ಆ ಬಾಲಕರು ಇಂದು ನಡುವಯಸ್ಸು ದಾಟಿ, ಹಿಂದಿರುಗಿ ನೋಡಿ ಹೇಳುತ್ತಿರುವ ಮಾತುಗಳು ನಮಗೂ ಪಾಠವಾಗತಕ್ಕವು.

೧೯೭೬ರಲ್ಲಿ ಫ್ಲಾರಿಡಾ ಸಂಸ್ಥಾನದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ‘ಸ್ಟ್ರೇಟ್’ ಎಂಬ ಸಂಸ್ಥೆ ಹುಟ್ಟಿತು. ಹೆಸರಿನ ಅರ್ಥ ‘ನೇರ’. ಹದಿಹರೆಯದವರನ್ನು ಮಾದಕ ವಸ್ತುಗಳಿಂದ ಬಿಡಿಸುವುದು ಅದರ ಪ್ರತಿಜ್ಞೆ. ಹೊಸದಾಗಿ ಸೇರಿದವರಿಗೆ ಪುಸ್ತಕವಿಲ್ಲ, ಪತ್ರವಿಲ್ಲ, ಟೆಲಿಫೋನಿಲ್ಲ, ಶಾಲೆಯೂ ಇಲ್ಲ. ಹಗಲೆಲ್ಲ ಕುರ್ಚಿಯ ಮೇಲೆ ನೆಟ್ಟಗೆ ಕುಳಿತು, ಗುಂಪಿನೆದುರು ತಪ್ಪುಗಳನ್ನು ಒಪ್ಪಿಕೊಳ್ಳಬೇಕು. ಸುತ್ತಲಿನವರ ಬೈಗಳನ್ನು ಕೇಳಬೇಕು. ನಡೆದಾಡುವಾಗ ಹಳೆಯ ಹುಡುಗನೊಬ್ಬ ಹಿಂದಿನಿಂದ ಸೊಂಟದ ಪಟ್ಟಿಯನ್ನು ಹಿಡಿದಿರುವನು. ರಾತ್ರಿಯ ನಿದ್ರೆ ಬೇರೊಂದು ಕುಟುಂಬದ ಮನೆಯಲ್ಲಿ, ಬೀಗ ಹಾಕಿದ ಕೋಣೆಯಲ್ಲಿ. ತಾಯಿತಂದೆಯರ ದರ್ಶನವಾಗುವುದು ತುಂಬಿದ ಸಭೆಯಲ್ಲಿ, ದೂರದಿಂದ.

ಇದರಿಂದ ಒಳಿತಾದವರೇ ಇಲ್ಲವೆಂದಲ್ಲ. ಅಲ್ಲಿ ತಮ್ಮ ಪ್ರಾಣ ಉಳಿಯಿತೆನ್ನುವವರೂ ಉಂಟು. ಮತ್ತೆ ಅನೇಕರ ನೆನಪು ಬೇರೆಯದು. ಮೇಲಿನ ಮೆಟ್ಟಿಲೇರಲು ತಪ್ಪೊಪ್ಪಿಗೆ ಬೇಕು. ತಪ್ಪು ಸಣ್ಣದಾದರೆ ಯಾರೂ ನಂಬರು. ಆದುದರಿಂದ ಮಾಡದ ಪಾಪಗಳನ್ನೂ ಕಟ್ಟಿ ಹೇಳಿದೆವೆನ್ನುತ್ತಾರೆ ಅವರು. ಸತ್ಯವನ್ನು ಕಲಿಸಲು ನಿಂತ ಸಂಸ್ಥೆ ಸುಳ್ಳನ್ನು ಅಭ್ಯಾಸ ಮಾಡಿಸಿತು. ಇದಕ್ಕಿಂತಲೂ ದಾರುಣವಾದ ಸ್ಮೃತಿ ಇನ್ನೊಂದು: ನಿನ್ನೆ ಇತರರ ಕೈಗೆ ಸಿಕ್ಕಿ ನೊಂದವನೇ ನಾಳೆ ಹೊಸಬನ ಪಟ್ಟಿಯನ್ನು ಹಿಡಿದು ನಡೆಸಬೇಕಾಗಿತ್ತು. ತಾವು ಅನುಭವಿಸಿದ್ದನ್ನು ಮರೆತರೂ ತಾವು ಮಾಡಿದ್ದನ್ನು ಮರೆಯಲಾಗದೆ ತೊಳಲುವವರು ಇದ್ದಾರೆ.

ಹೊರಗೆ ಮಾತ್ರ ಕೀರ್ತಿಗೆ ಕೊರತೆಯಿರಲಿಲ್ಲ. ೧೯೮೫ರಲ್ಲಿ ಅಧ್ಯಕ್ಷರ ಪತ್ನಿ ನ್ಯಾನ್ಸಿ ರೇಗನ್ ಅವರು ಬ್ರಿಟನ್ನಿನ ಯುವರಾಣಿ ಡಯಾನಾ ಅವರನ್ನು ಸಂಸ್ಥೆಯ ಶಾಖೆಯೊಂದಕ್ಕೆ ಕರೆದೊಯ್ದರು. ಅದಕ್ಕೆ ಎರಡು ವರ್ಷ ಮೊದಲೇ, ತಮ್ಮನನ್ನು ನೋಡಲು ಹೋಗಿ ತಾನೇ ತಿಂಗಳುಗಟ್ಟಲೆ ಬಂದಿಯಾದ ಕಾಲೇಜು ವಿದ್ಯಾರ್ಥಿಯೊಬ್ಬನಿಗೆ ೨,೨೦,೦೦೦ ಡಾಲರ್ ಕೊಡಬೇಕೆಂದು ನ್ಯಾಯಾಲಯದಲ್ಲಿ ತೀರ್ಮಾನವಾಗಿತ್ತು! ೧೯೯೩ರಲ್ಲಿ ಸಂಸ್ಥೆ ಬಾಗಿಲು ಮುಚ್ಚಿತು. ಇಂಥ ನಿವಾಸಗಳಲ್ಲಿ ಮಕ್ಕಳ ಮೇಲಾಗುವ ಹಿಂಸೆಯನ್ನು ತಡೆಯಲೆಂದು ಅಮೆರಿಕದಲ್ಲಿ ಕಾಯಿದೆಯೊಂದು ಬಂದದ್ದು ೨೦೨೪ರ ಡಿಸೆಂಬರಿನಲ್ಲಿ.

ನಮ್ಮ ದೇಶದ ೨೦೧೭ರ ಮಾನಸಿಕ ಆರೋಗ್ಯ ಕಾಯಿದೆ ಮದ್ಯ ಹಾಗೂ ಮಾದಕ ವಸ್ತುಗಳಿಂದ ಬರುವ ಮನೋವಿಕಾರಗಳಿಗೂ ಅನ್ವಯಿಸುತ್ತದೆ. ಅದರಂತೆ ಹದಿನೆಂಟು ತುಂಬದವರನ್ನು ದೊಡ್ಡವರೊಡನೆ ಇರಿಸಕೂಡದು. ಅವರ ಪರವಾಗಿ ಹೊಣೆ ಹೊತ್ತವರಾಗಲಿ, ಅವರು ನೇಮಿಸಿದವರಾಗಲಿ ಚಿಕಿತ್ಸೆ ಮುಗಿಯುವವರೆಗೂ ಜೊತೆಯಲ್ಲಿರಬೇಕು. ಸೇರಿಸಿಕೊಂಡ ೭೨ ಗಂಟೆಗಳೊಳಗೆ ಪುನರ್ವಿಮರ್ಶಾ ಮಂಡಲಿಗೆ ತಿಳಿಸಬೇಕು. ಸರಪಳಿ ಹಾಕುವುದು, ಒಂಟಿಯಾಗಿ ಕೂಡಿಹಾಕುವುದು, ಬಲವಂತವಾಗಿ ತಲೆ ಬೋಳಿಸುವುದು ಎಲ್ಲವೂ ನಿಷಿದ್ಧ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವುಂಟು. ದಾರಿ ಕಾಣದವರು ೧೪೪೪೬ ಎಂಬ ರಾಷ್ಟ್ರೀಯ ಸಹಾಯವಾಣಿಯನ್ನು ವಿಚಾರಿಸಬಹುದು.

ಶಿಸ್ತು ಬೇಡವೆಂದು ಯಾರೂ ಹೇಳಲಾರರು. ವ್ಯಸನದಿಂದ ಬಿಡುಗಡೆ ಹೊಂದಲು ಹೊತ್ತುಹೊತ್ತಿನ ನಿಯಮ ಬೇಕು, ಎಚ್ಚರದ ಕಣ್ಣು ಬೇಕು. ಆದರೆ ಹೊರಗಿನವರ ಕಣ್ಣಿಗೆ ಮರೆಯಾದ ಶಿಸ್ತು ಯಾವ ದಿನ ಹಿಂಸೆಯಾಗಿ ತಿರುಗಿತೆಂಬುದು, ಅದನ್ನು ನಡೆಸುವವರಿಗೂ ತಿಳಿಯದು. ಆದುದರಿಂದ ಚಿಕಿತ್ಸಾಲಯದ ಬಾಗಿಲಲ್ಲಿ ನಿಂತ ತಂದೆತಾಯಿಗಳು ಶುಲ್ಕವೆಷ್ಟೆಂದು ಕೇಳುವ ಮೊದಲು ಕೇಳಬೇಕಾದ ಪ್ರಶ್ನೆ ಒಂದುಂಟು: “ನಮ್ಮ ಮಗನೊಡನೆ ನಾವು ಏಕಾಂತದಲ್ಲಿ ಮಾತನಾಡಬಹುದೆ?” ಇಲ್ಲವೆಂಬ ಉತ್ತರ ಬಂದರೆ ಮಗನ ಕೈ ಹಿಡಿದು ಹಿಂದಿರುಗುವುದೇ ಲೇಸು.