ಜಾಲಿಯ ಕಂಟಿಯೂ ಚಿಗರಿಯ ಬಯಲೂ

ಭೀಮೆಯ ದಂಡೆಯ ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿಯೂ ಮಹಾರಾಷ್ಟ್ರದ ಗಡಿಗೆ ತಾಗಿದ ಆಳಂದದ ಸೀಮೆಯಲ್ಲಿಯೂ, ಮುಂಗಾರಿನ ಮಳೆಗೆ ತೊಗರಿಯ ಸಸಿ ಎಳೆಯ ಎಲೆ ಬಿಚ್ಚುವ ಹೊತ್ತಿಗೆ ಚಿಗರಿಗಳ, ಎಂದರೆ ಕೃಷ್ಣಮೃಗಗಳ, ಹಿಂಡು ಹೊಲಕ್ಕಿಳಿಯುತ್ತದೆ. ಸಾಲ ಮಾಡಿ ಬಿತ್ತಿದ ರೈತನ ಸಂಕಟ ನಿಜವಾದುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಸೇರಿದ ಈ ಮೃಗದ ಜೀವವೂ ಅಮೂಲ್ಯವಾದುದು. ಚಿಗರಿ ಹೊಲಕ್ಕೇಕೆ ಬಂದಿತೆಂಬುದನ್ನು ಅರಿಯಬಯಸುವವರು ಹೊಲದಾಚೆಯ ಗಾಯರಾಣದತ್ತ ಕಣ್ಣು ಹಾಯಿಸಬೇಕು. ದನಕರುಗಳೂ ಚಿಗರಿಗಳೂ ಮೇಯಬೇಕಾದ ಆ ಹುಲ್ಲುನೆಲವನ್ನು ಅಲ್ಲಲ್ಲಿ ಬಳ್ಳಾರಿ ಜಾಲಿಯ ಕಂಟಿ ಆಕ್ರಮಿಸಿಕೊಂಡಿದೆ.

ರೂಢಿಯಲ್ಲಿ ಜಿಂಕೆಯೆಂದು ಕರೆಯಿಸಿಕೊಂಡರೂ, ವರ್ಷವರ್ಷವೂ ಕೊಂಬುದುರಿಸುವ ಚುಕ್ಕೆಜಿಂಕೆಯ ಕುಲಕ್ಕೆ ಸೇರದೆ, ಸುರುಳಿಗೊಂಬನ್ನು ಎಂದೂ ಉದುರಿಸದ ಕೃಷ್ಣಮೃಗವು ಬಯಲಿನ ಜೀವಿ. ಹುಲ್ಲೇ ಅದರ ಮುಖ್ಯ ಆಹಾರ. ತೋಳವನ್ನು ದೂರದಿಂದಲೇ ಕಂಡು ಕಾಲಿನ ವೇಗವನ್ನು ನಂಬಿ ಪಾರಾಗುವುದು ಅದರ ರೀತಿ. ಆಗತಾನೆ ಈದ ಮರಿಯನ್ನು ಬಚ್ಚಿಡುವುದಕ್ಕೂ ಅದಕ್ಕೆ ಎತ್ತರದ ಹುಲ್ಲೇ ಬೇಕು. ಕಂಟಿ ದಟ್ಟವಾದಂತೆ ಮೇವೂ ಹೋಗುತ್ತದೆ, ನೋಟವೂ ಹೋಗುತ್ತದೆ.

ಅಮೆರಿಕ ಖಂಡದ ಮೂಲದ ಈ ಜಾಲಿಯನ್ನು, ಸೌದೆಗೂ ಬರಡು ನೆಲದ ಹಸುರಿಗೂ ಒದಗಲೆಂಬ ಸದುದ್ದೇಶದಿಂದ, 1877ರಲ್ಲಿ ಕಡಪದ ಕಡೆಗೆ ತಂದರು. ಅದರ ಸಿಹಿಗಾಯನ್ನು ದನವೂ ಆಡೂ ಚಿಗರಿಯೂ ತಿನ್ನುತ್ತವೆ. ಸಗಣಿ ಹಿಕ್ಕೆಗಳೊಡನೆ ಬಿದ್ದ ಬೀಜ ಮೊಳೆಯುತ್ತದೆ. ಹೀಗೆ, ಗುಜರಾತಿನ ವೇಳಾವದರದ ಹುಲ್ಲುಗಾವಲಿನಲ್ಲಿ ಕಂಡುಬಂದಿರುವಂತೆ, ತನ್ನ ಬಯಲನ್ನು ಮುಚ್ಚುವ ಮುಳ್ಳನ್ನು ಚಿಗರಿಯೇ ಬಿತ್ತುತ್ತದೆ.

ಕಡಿದರೆ ಈ ಜಾಲಿ ಸಾಯದು. ಬುಡದ ಮೊಗ್ಗುಗಳು ಚಿಗುರಿ ಒಂದು ಕಾಂಡವಿದ್ದೆಡೆ ಹಲವು ಏಳುತ್ತವೆ. ಇದರ ಬಂಧುವಾದ ಮೆಸ್ಕೀಟನ್ನು ನಿಗ್ರಹಿಸಲು ಟೆಕ್ಸಾಸಿನವರು ವಿಮಾನದಿಂದಲೂ ಕಳೆನಾಶಕ ಸಿಂಪಡಿಸಿ ಕಲಿತ ಪಾಠವೊಂದುಂಟು: ಅಗಲ ಎಲೆಯ ಗಿಡಗಳನ್ನು ಕೊಲ್ಲುವ ಔಷಧವು ಕಂಟಿಯೊಡನೆ ಅಲ್ಲಿನ ಬಿಳಿಬಾಲದ ಜಿಂಕೆಗಳು ಮೇಯುವ ಸೊಪ್ಪುಸದೆಗಳನ್ನೂ ಸುಡುವುದರಿಂದ, ಇಡೀ ಬಯಲಿಗೆ ಹೊಡೆಯದೆ ನಡುನಡುವೆ ಪಟ್ಟಿಗಳನ್ನು ಉಳಿಸಬೇಕು. ಅದೇ ಟೆಕ್ಸಾಸಿನ ಎಡ್ವರ್ಡ್ಸ್ ಪ್ರಸ್ಥಭೂಮಿಗೆ 1932ರಲ್ಲಿ ನಮ್ಮ ಕೃಷ್ಣಮೃಗವನ್ನೂ ಒಯ್ದರು. ಅತ್ತಣ ಮುಳ್ಳು ಇತ್ತ ಬಂದಂತೆ ಇತ್ತಣ ಮೃಗ ಅತ್ತ ಹೋಯಿತು.

ಪೊದೆಯ ಮರೆಯನ್ನು ಬಯಸುವ ಬಿಳಿಬಾಲದ ಜಿಂಕೆಗೆ ಹೇಳಿದ ಮದ್ದನ್ನು ತೆರೆದ ಬಯಲನ್ನು ಬಯಸುವ ಚಿಗರಿಗೆ ಹಾಗೆಯೇ ಹೇಳಲಾಗದು. ನಮ್ಮ ಬಯಲಿನಲ್ಲಿ ಕಂಟಿ ಹೆಚ್ಚಾಗಿಯೇ ತೆರವಾಗಬೇಕು. ಆದರೆ ಗ್ಲೈಫೋಸೇಟಿನಂತಹ ಔಷಧ ಹುಲ್ಲನ್ನೂ ಕೊಲ್ಲುವುದರಿಂದ ರೈತರ ಮಾತಿನಲ್ಲಿ 'ಎಣ್ಣೆ ಹೊಡೆಯುವ' ಕೆಲಸ ಗಾಯರಾಣದಲ್ಲಿ ಬೀಸಾಗಿ ನಡೆಯಕೂಡದು. ಕಡಿದ ಕೂಡಲೆ ತಜ್ಞರು ಸೂಚಿಸಿದ ಔಷಧವನ್ನು ಬುಡಕ್ಕಷ್ಟೇ ಸವರುವುದೋ, ಬೇರುಮುಡಿಯನ್ನೇ ಅಗೆದು ಕೀಳುವುದೋ ಮೇಲು. ಜಾಲಿಯ ಸೌದೆ ಇದ್ದಿಲುಗಳನ್ನೇ ನೆಚ್ಚಿದ ಬಡವರಿಗೆ ಆ ದುಡಿಮೆಯ ಕೂಲಿ ಸಲ್ಲಬೇಕು.

ತೆರವಾದ ನೆಲವನ್ನು ಹಾಗೆಯೇ ಬಿಟ್ಟರೆ ಮಣ್ಣಿನಲ್ಲಿ ಮಲಗಿದ ಬೀಜ ಮತ್ತೆ ಕಂಟಿಯಾಗುತ್ತದೆ. ಅಲ್ಲಿ ಹುಲ್ಲಿನ ಬೀಜವನ್ನು ಚೆಲ್ಲಿ, ಬೇರೂರುವವರೆಗೆ ಮೇವಿಗೆ ಬಿಡದೆ, ವರ್ಷವರ್ಷವೂ ಎಳೆಯ ಜಾಲಿಯನ್ನು ಕಿತ್ತರೆ ಮಾತ್ರ ಬಯಲು ಬಯಲಾಗಿ ಉಳಿದೀತು. ಗಾಯರಾಣದಲ್ಲಿ ಹುಲ್ಲು ಮೊಣಕಾಲೆತ್ತರ ನಿಂತ ವರ್ಷ, ತೊಗರಿಯ ಹೊಲವನ್ನು ಇರುಳಿಡೀ ಕಾಯುವ ರೈತನ ಕಾವಲೂ ಅಷ್ಟರಮಟ್ಟಿಗೆ ಹಗುರಾದೀತು.